ಪಥ್ಯದ ಖಾತೆ

ನಾನು ಹುಟ್ಟಿ ಬೆಳೆದದ್ದು ಬ್ಯಾಡಗಿಯಲ್ಲಿ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದದ್ದು ಬ್ಯಾಡಗಿ ಮತ್ತು ರಾಣೆಬೆನ್ನೂರಿನಲ್ಲಿ. ನಿವೃತ್ತಿಯಾದ ಮೇಲೆ ಹಾವೇರಿಯಲ್ಲಿ ಮಗನ ಮನೆಯಲ್ಲಿದ್ದೇನೆ. ಬ್ಯಾಡಗಿಯವನು ಎಂದ ಕೂಡಲೇ ಯಾರೇ ಆಗಲಿ ಮುಂದಿನ ಮಾತು ಮೆಣಸಿನಕಾಯಿಯದೇ ತೆಗೆಯುತ್ತಾರೆ. ಅಂಥ ಊರಿನವನಿಗೆ ಎಪ್ಪತ್ತು ದಾಟಿದ ಮೇಲೆ ಡಾಕ್ಟರು, "ಎರಡು ತಿಂಗಳು ಖಾರ ಮುಟ್ಟಬೇಡಿ" ಅಂದರೆ ಹೇಗಿರುತ್ತದೆ ಹೇಳಿ. ಮಕ್ಕಳೇ, ಬೇಸಿಗೆ ರಜೆ ಪೂರ್ತಿ ಮನೆಯಿಂದ ಹೊರಗೆ ಹೋಗಬೇಡಿ ಅಂತ ನಿಮಗೆ ಹೇಳಿದ ಹಾಗೆ.

ಆದದ್ದು ಇಷ್ಟು. ಸಂಕ್ರಾಂತಿಯ ಮರುದಿನ ಬೆಳಗ್ಗೆ ಹಲ್ಲುಜ್ಜಲು ಎದ್ದವನು ಬಚ್ಚಲ ಬಾಗಿಲಲ್ಲೇ ಕುಸಿದು ಕುಳಿತೆ. ಕಣ್ಣಿಗೆ ಕತ್ತಲೆ, ಮೈಯೆಲ್ಲ ತಣ್ಣನೆಯ ಬೆವರು. ಹೆಂಡತಿ ಓಡಿ ಬಂದು, "ಏನ್ರೀ, ಮುಖ ಯಾಕ ಹಿಂಗ ಬಿಳಿಚೈತಿ?" ಅಂದಳು. ಎರಡು ದಿನಗಳಿಂದ ಮಲ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ ಹೋಗುತ್ತಿತ್ತು. ಹಬ್ಬದಲ್ಲಿ ತಿಂದ ಎಳ್ಳು ಹಚ್ಚಿದ ಸಜ್ಜಿರೊಟ್ಟಿಯದೇ ಇರಬೇಕು ಅಂತ ಯಾರಿಗೂ ಹೇಳಿರಲಿಲ್ಲ. ಇಂಥದ್ದನ್ನು ಹೇಳಲು ನಾಚಿಕೆ ಬೇರೆ. ಈಗ ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ, ಯಾಕೆಂದರೆ ಆ ಕಪ್ಪು ಬಣ್ಣ ಹೊಟ್ಟೆಯೊಳಗೆ ರಕ್ತ ಸೋರುತ್ತಿರುವುದರ ಗುರುತು. ಅಜ್ಜಂದಿರೇ, ನಿಮಗೆ ಹೀಗೆ ಕಂಡರೆ ಅದೇ ದಿನ ಮನೆಯವರಿಗೆ ಹೇಳಿ ಆಸ್ಪತ್ರೆಗೆ ಹೋಗಿ.

ಮಗ ಹುಬ್ಬಳ್ಳಿಗೆ ಕರೆದುಕೊಂಡು ಹೋದ. ಹಿಮೋಗ್ಲೋಬಿನ್ 6.8ಕ್ಕೆ ಇಳಿದಿತ್ತು. ಎರಡು ಬಾಟಲಿ ರಕ್ತ ಕೊಟ್ಟರು. ಬಾಯೊಳಗಿಂದ ಕ್ಯಾಮೆರಾ ಇದ್ದ ತೆಳ್ಳನೆಯ ಕೊಳವೆ ಇಳಿಸಿ ಜಠರ ನೋಡಿದರು. ಒಳಗೋಡೆಯಲ್ಲಿ ಒಂದು ಹುಣ್ಣು. ಅದೇ ಕೊಳವೆಯ ಮೂಲಕವೇ ರಕ್ತ ಸೋರುವುದನ್ನು ನಿಲ್ಲಿಸಿದರು. ಕಂಪ್ಯೂಟರಿನ ಪರದೆಯಲ್ಲಿ ನನ್ನ ಹೊಟ್ಟೆಯ ಚಿತ್ರ ತೋರಿಸಿದಾಗ, ನಲವತ್ತು ವರ್ಷ ಲಾಕರ್ ಇಟ್ಟುಕೊಂಡವನಿಗೆ ಒಳಗೇನಿದೆ ಅಂತ ಮೊದಲ ಸಲ ತೆರೆದು ತೋರಿಸಿದ ಹಾಗಾಯಿತು.

"ಖಾರ ಜಾಸ್ತಿ ತಿಂದದ್ದಕ್ಕೇ ಹಿಂಗಾತೇನ್ರಿ ಸಾಹೇಬ್ರ?" ಅಂತ ನಾನೇ ತಪ್ಪೊಪ್ಪಿಗೆಯ ಧಾಟಿಯಲ್ಲಿ ಕೇಳಿದೆ.

ಡಾಕ್ಟರು ನಕ್ಕು, "ನೋವಿನ ಗುಳಿಗೆ ಏನಾದರೂ ತಗೊಳ್ತಿದ್ರಾ?" ಅಂತ ತಿರುಗಿ ಕೇಳಿದರು.

"ಯಾವಾಗರೆ ಒಮ್ಮೆ" ಅಂದೆ.

ಹೆಂಡತಿ ಮಾತಾಡಲಿಲ್ಲ. ಚೀಲದಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದು ಮೇಜಿನ ಮೇಲೆ ಸುರಿದಳು. ಖಾಲಿ ಗುಳಿಗೆ ಪಟ್ಟಿಗಳು. ಮೊಣಕಾಲು ನೋವಿಗೆ ಅಂಗಡಿಯಲ್ಲಿ ಹೆಸರು ಹೇಳಿ ನಾನೇ ತಂದು, ಕಪಾಟಿನ ಹಿಂದೆ ತುರುಕಿದ್ದವು. ಮನೆ ಬಿಡುವ ಗಡಿಬಿಡಿಯಲ್ಲೂ ಆಕೆ ಅವನ್ನು ಆರಿಸಿಕೊಂಡು ಬಂದಿದ್ದಳು. ಡಾಕ್ಟರು ಎಣಿಸಿದರು: ಹನ್ನೊಂದು ಪಟ್ಟಿ. ದಿನಕ್ಕೆ ಎರಡರಂತೆ ಲೆಕ್ಕ ಹಾಕಿದರೆ ಸುಮಾರು ಎರಡು ತಿಂಗಳು. ಕ್ಯಾಷ್ ಕೌಂಟರಿನಲ್ಲಿ ಒಂದು ರೂಪಾಯಿ ವ್ಯತ್ಯಾಸ ಬಂದರೂ ರಾತ್ರಿ ಎಂಟರವರೆಗೆ ಕುಳಿತು ಹುಡುಕಿದವನು ನಾನು. ಅವತ್ತು ತಲೆ ಎತ್ತಲಿಲ್ಲ.

ಡಾಕ್ಟರು ವಿವರಿಸಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಜಠರದಲ್ಲಿ ತಿಂದದ್ದನ್ನು ಕರಗಿಸುವ ಆಮ್ಲವಿದೆ. ಆ ಆಮ್ಲ ಜಠರವನ್ನೇ ತಿನ್ನದಿರಲೆಂದು ಒಳಗೋಡೆಗೆ ಲೋಳೆಯ ಒಂದು ಪದರವಿದೆ. ಆ ಪದರವನ್ನು ಕಾಯುವ ರಾಸಾಯನಿಕ ಒಂದುಂಟು. ನೋವು, ಬಾವು ಎಬ್ಬಿಸುವುದೂ ಅದೇ ಜಾತಿಯದು. ನಾನು ತಿನ್ನುತ್ತಿದ್ದ ಜಾತಿಯ ಗುಳಿಗೆ ಎರಡನ್ನೂ ತಡೆಯುತ್ತದೆ. ಮೊಣಕಾಲಿನ ನೋವು ಕಡಿಮೆ ಮಾಡುತ್ತಲೇ ಹೊಟ್ಟೆಯ ಕಾವಲುಗಾರನನ್ನೂ ಮನೆಗೆ ಕಳಿಸುತ್ತದೆ. ಜೊತೆಗೆ ನನ್ನ ಹೊಟ್ಟೆಯಲ್ಲಿ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಕೂಡ ಸಿಕ್ಕಿತು. ಇಬ್ಬರು ಕಳ್ಳರು ಸೇರಿದ್ದರು. ಮೆಣಸಿನಕಾಯಿ ಆ ಪಟ್ಟಿಯಲ್ಲೇ ಇರಲಿಲ್ಲ!

"ಹಂಗಾದ್ರ ಖಾರ ಯಾಕ ಬಿಡಬೇಕ್ರಿ?" ಅಂದೆ, ಆಸೆಯಿಂದ.

"ಬೆಂಕಿ ಹಚ್ಚಿದ್ದು ಅದಲ್ಲ. ಆದರೆ ಸುಟ್ಟ ಗಾಯದ ಮೇಲೆ ಖಾರ ಹಚ್ಚಿಕೊಳ್ತೀರಾ?" ಅಂದರು. ಹದಿನಾಲ್ಕು ದಿನ ಎರಡು ಬಗೆಯ ಆ್ಯಂಟಿಬಯಾಟಿಕ್, ಎಂಟು ವಾರ ಆಮ್ಲ ತಗ್ಗಿಸುವ ಗುಳಿಗೆ, ಮೊಣಕಾಲಿನ ಗುಳಿಗೆ ಪೂರಾ ಬಂದ್. ಖಾರ, ಕರಿದದ್ದು, ಚಹಾ, ಕಾಫಿ ಬೇಡ. ಮೆತ್ತಗಿನ ಊಟ, ಒಂದೇ ಸಲ ಹೊಟ್ಟೆ ಬಿರಿಯುವಷ್ಟಲ್ಲ, ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ. ಎಂಟು ವಾರಕ್ಕೆ ಮತ್ತೆ ಕೊಳವೆ ಇಳಿಸಿ ನೋಡುವುದು. "ಬ್ಯಾಂಕಿನವರಲ್ವಾ, ಏನು ತಿಂದಿರಿ, ಹೊಟ್ಟೆ ಏನು ಹೇಳಿತು ಅಂತ ಬರೆದಿಡಿ. ಒಬ್ಬೊಬ್ಬರ ಹೊಟ್ಟೆ ಒಂದೊಂದು ಥರ" ಅಂತ ಕೊನೆಗೆ ಹೇಳಿದರು. ಹಾಗೆ ಶುರುವಾಯಿತು ಪಥ್ಯದ ಖಾತೆ.

ಉದ್ದನೆಯ ನೋಟ್‌ಬುಕ್ಕಿಗೆ ಗೆರೆ ಹಾಕಿ ಮೂರು ಕಾಲಂ ಮಾಡಿದೆ: ಸಮಯ, ತಿಂದದ್ದು, ಹೊಟ್ಟೆಯ ಉತ್ತರ. ಐದನೇ ತರಗತಿಯ ಮೊಮ್ಮಗಳು ತಾನೇ ಆಡಿಟರ್ ಅಂತ ಘೋಷಿಸಿಕೊಂಡು, ಕೆಂಪು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಸಂಜೆ ಶಾಲೆಯಿಂದ ಬಂದ ಕೂಡಲೇ ತಪಾಸಣೆಗೆ ಕೂಡುತ್ತಿದ್ದಳು.

ಮೊದಲ ಹತ್ತು ದಿನ ಬಹಳ ಕಷ್ಟವಾಯಿತು. ಬೆಳಗ್ಗೆ ಎರಡು ಇಡ್ಲಿ, ಚಟ್ನಿಯ ಬದಲು ತೆಳು ತೊವ್ವೆ. ಹನ್ನೊಂದಕ್ಕೆ ಬಾಳೆಹಣ್ಣು. ಮಧ್ಯಾಹ್ನ ಮೆತ್ತಗೆ ಬೆಂದ ಅನ್ನ, ಹೆಸರುಬೇಳೆ ಕಟ್ಟು, ಹೀರೇಕಾಯಿ ಅಥವಾ ಸೋರೇಕಾಯಿ ಪಲ್ಯ, ಅದೂ ಜೀರಿಗೆ ಉಪ್ಪಿನಲ್ಲಿ. ಸಂಜೆ ಗಂಜಿ. ರಾತ್ರಿ ಜೋಳದ ನುಚ್ಚು, ಮಜ್ಜಿಗೆ. ಎದುರಿಗೇ ಮಗ ಖಡಕ್ ರೊಟ್ಟಿ ಮುರಿದು, ಎಣ್ಣೆಗಾಯಿಯಲ್ಲಿ ಅದ್ದಿ, ಮೇಲೆ ಶೇಂಗಾ ಹಿಂಡಿ ಉದುರಿಸಿಕೊಂಡು ತಿನ್ನುವಾಗ ರೊಟ್ಟಿ ಮುರಿಯುವ ಆ ಸಪ್ಪಳವೇ ಹೊಟ್ಟೆಯಲ್ಲಿ ಸಂಕಟ ಎಬ್ಬಿಸುತ್ತಿತ್ತು. ನನ್ನದು ಏನು ಸೊಟ್ಟ ಬುದ್ಧಿ ನೋಡಿ: ಯಾರೂ ನನ್ನ ಮುಂದೆ ಖಾರ ತಿನ್ನಬಾರದು ಅಂತ ಎರಡು ದಿನ ಮುನಿಸಿಕೊಂಡೆ. ಹೆಂಡತಿ ಎರಡು ಒಲೆಯ ಮೇಲೆ ಎರಡು ಬಗೆಯ ಅಡುಗೆ ಮಾಡಿ ದಣಿಯುತ್ತಿದ್ದುದು ನನ್ನ ಕಣ್ಣಿಗೆ ಬೀಳಲಿಲ್ಲ. ಮೂರನೇ ದಿನ ಆಕೆ, "ಇವತ್ತ ನಿಮ್ಮ ನುಚ್ಚು ನೀವ ಮಾಡಿಕೊಳ್ರಿ, ನನಗ ಸಾಕಾಗೈತಿ" ಅಂದಳು. ಐವತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ ಕುಕ್ಕರಿಗೆ ನೀರು ಎಷ್ಟು ಹಾಕಬೇಕೆಂದು ಕೇಳಿದೆ. ಆಮೇಲೆ ನನ್ನ ಸಂಜೆಯ ಗಂಜಿ ನನ್ನದೇ ಜವಾಬ್ದಾರಿ.

ಖಾತೆಯಿಂದ ಕೆಲವು ಸಂಗತಿ ತಿಳಿದವು. ಮೊಸರನ್ನ ಒಗ್ಗಿತು, ಹುಳಿ ಬಂದ ಮಜ್ಜಿಗೆ ಒಗ್ಗಲಿಲ್ಲ. ಜೋಳದ ರೊಟ್ಟಿಯನ್ನು ಹಾಲಲ್ಲಿ ನೆನೆಸಿದರೆ ಹೊಟ್ಟೆ ಸುಮ್ಮನಿರುತ್ತಿತ್ತು, ಒಣರೊಟ್ಟಿಗೆ ತಕರಾರು ಮಾಡುತ್ತಿತ್ತು. ಎದುರು ಮನೆಯ ಹಿರಿಯರು, "ಗಂಟೆಗೊಮ್ಮೆ ತಣ್ಣನ ಹಾಲು ಕುಡೀರಿ, ಹುಣ್ಣು ಮುಚ್ಚತೈತಿ" ಅಂದಿದ್ದರು. ಡಾಕ್ಟರನ್ನು ಕೇಳಿದರೆ, ಒಂದು ಕಾಲಕ್ಕೆ ದೊಡ್ಡ ದೊಡ್ಡ ವೈದ್ಯರೂ ಹಾಗೇ ಹೇಳುತ್ತಿದ್ದರಂತೆ. ಅಮೆರಿಕದ ಬರ್ಟ್ರಾಮ್ ಸಿಪ್ಪಿ ಎಂಬ ಡಾಕ್ಟರು 1915ರಲ್ಲಿ ಹುಣ್ಣಿನ ರೋಗಿಗಳಿಗೆ ಗಂಟೆಗೊಮ್ಮೆ ಹಾಲು, ಕೆನೆ ಕೊಡುವ ಪಥ್ಯ ಬರೆದರು, ದಶಕಗಟ್ಟಲೆ ಅದು ನಡೆಯಿತು. ಹಾಲು ಕುಡಿದಾಗ ತಂಪೆನಿಸಿದರೂ ಆಮೇಲೆ ಅದೇ ಆಮ್ಲ ಹೆಚ್ಚಿಸುತ್ತದೆ ಅಂತ ಈಗ ಗೊತ್ತಾಗಿದೆ. ಊಟದ ಜೊತೆ ಒಂದು ಲೋಟ ಅಡ್ಡಿಯಿಲ್ಲ, ಔಷಧಿ ಅಂತ ಕುಡಿಯುವುದು ಬೇಡ ಅಂದರು.

ನಡುವೆ ಒಂದು ದಿನ ಮಲ ಮತ್ತೆ ಕಪ್ಪಗಾಯಿತು. ನನ್ನ ಜೀವ ಬಾಯಿಗೆ ಬಂತು. ಮಗ ಆಫೀಸಿನಿಂದ ಓಡಿ ಬಂದ. ಡಾಕ್ಟರಿಗೆ ಫೋನ್ ಮಾಡಿದರೆ, ಮಲ ಅಂಟಂಟಾಗಿದೆಯಾ, ತಲೆ ಸುತ್ತುತ್ತದಾ ಅಂತ ಎಲ್ಲ ವಿಚಾರಿಸಿ, "ಹೋದ ವಾರ ಕಬ್ಬಿಣದ ಗುಳಿಗೆ ಶುರು ಮಾಡಿದ್ದೀವಲ್ಲ, ಅದರ ಬಣ್ಣ" ಅಂದರು. ಮರುದಿನ ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಏರಿತ್ತು. ಖಾತೆಯಲ್ಲಿ ಆ ದಿನದ ಮುಂದೆ ಮೊಮ್ಮಗಳು ಒಂದು ನಗುವ ಮುಖ ಬರೆದಿದ್ದಾಳೆ, ನನಗೆ ಮಾತ್ರ ಆವತ್ತು ನಗು ಬಂದಿರಲಿಲ್ಲ.

"ಅಜ್ಜಾ, ಹೊಟ್ಟಿ ಒಳಗ ಏನಾಗತೈತಿ ಅಂತ ಕ್ಯಾಮೆರಾ ಇಲ್ಲದ ಕಾಲಕ್ಕ ಹೆಂಗ ಗೊತ್ತಾಗತಿತ್ತು?" ಅಂತ ಒಂದು ಸಂಜೆ ಕೇಳಿದಳು. ಇಬ್ಬರೂ ಕೂಡಿ ಹುಡುಕಿ ಓದಿದೆವು. 1822ರಲ್ಲಿ ಅಮೆರಿಕದ ಮ್ಯಾಕಿನಾ ಎಂಬ ದ್ವೀಪದಲ್ಲಿ ಅಲೆಕ್ಸಿ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಆಕಸ್ಮಿಕವಾಗಿ ಗುಂಡು ತಗುಲಿತು. ಬದುಕುವುದಿಲ್ಲ ಅಂದುಕೊಂಡವನು ಬದುಕಿದ. ಆದರೆ ಹೊಟ್ಟೆಯ ತೂತು ಪೂರ್ತಿ ಮುಚ್ಚಲೇ ಇಲ್ಲ, ಜಠರಕ್ಕೆ ಒಂದು ಕಿಟಕಿ ಉಳಿಯಿತು. ಸೈನ್ಯದ ಡಾಕ್ಟರು ವಿಲಿಯಂ ಬ್ಯೂಮಾಂಟ್ ರೇಷ್ಮೆ ದಾರಕ್ಕೆ ಆಹಾರದ ತುಣುಕು ಕಟ್ಟಿ ಆ ಕಿಟಕಿಯಿಂದ ಇಳಿಬಿಟ್ಟು, ಹೊತ್ತು ಹೊತ್ತಿಗೆ ಎಳೆದು ನೋಡುತ್ತಿದ್ದರು! 1833ರಲ್ಲಿ ಅದನ್ನೆಲ್ಲ ಪುಸ್ತಕ ಮಾಡಿದರು. ಅವರ ಪಟ್ಟಿಯಲ್ಲಿ ಬೆಂದ ಅನ್ನ ಕರಗಲು 1 ಗಂಟೆ, ಹುರಿದ ಹಂದಿಮಾಂಸಕ್ಕೆ 5 ಗಂಟೆಗೂ ಮೇಲೆ. ಇದನ್ನೋದಿದ ಮೇಲೆ ನನ್ನ ಮೆತ್ತಗಿನ ಅನ್ನದ ಬಗ್ಗೆ ಸ್ವಲ್ಪ ಗೌರವ ಬಂತು. ಪಾಪ, ಆ ಸೇಂಟ್ ಮಾರ್ಟಿನ್‌ಗೆ ಇದರಿಂದ ಬೇಸರವೂ ಆಗಿತ್ತಂತೆ, ಯಾರಿಗಾಗುವುದಿಲ್ಲ?

ಬ್ಯಾಕ್ಟೀರಿಯಾದ ಕತೆ ಅವಳಿಗೆ ಇನ್ನೂ ಹಿಡಿಸಿತು. ಆಮ್ಲ ತುಂಬಿದ ಜಠರದಲ್ಲಿ ಯಾವ ಕ್ರಿಮಿಯೂ ಬದುಕದು, ಹುಣ್ಣು ಬರುವುದು ಚಿಂತೆ, ಖಾರಗಳಿಂದ ಅಂತ ಎಲ್ಲರೂ ನಂಬಿದ್ದ ಕಾಲ. ಆಸ್ಟ್ರೇಲಿಯಾದ ಪರ್ತ್ ನಗರದ ರಾಬಿನ್ ವಾರೆನ್, ಬ್ಯಾರಿ ಮಾರ್ಷಲ್ ಎಂಬ ಇಬ್ಬರು ಡಾಕ್ಟರು ಜಠರದಲ್ಲಿ ಸುರುಳಿಯಾಕಾರದ ಬ್ಯಾಕ್ಟೀರಿಯಾ ಇದೆ ಅಂದರು. ಅದನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಲು ನೋಡಿದರೆ ಬೆಳೆಯದು. 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳನ್ನು ಎರಡು ದಿನಕ್ಕೆ ಎಸೆಯದೆ ಹೆಚ್ಚು ದಿನ ಹಾಗೇ ಬಿಟ್ಟರು, ಆಗ ಬೆಳೆಯಿತು. ಆದರೂ ಜನ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಕದಡಿದ ದ್ರವವನ್ನು ತಾವೇ ಕುಡಿದುಬಿಟ್ಟರು! ಕೆಲವೇ ದಿನಗಳಲ್ಲಿ ವಾಂತಿ ಶುರುವಾಗಿ, ಜಠರ ಕೆಂಪಗೆ ಊದಿಕೊಂಡಿತು. ಇಬ್ಬರಿಗೂ 2005ರಲ್ಲಿ ನೊಬೆಲ್ ಬಂತು. ನನ್ನ ಹದಿನಾಲ್ಕು ದಿನದ ಆ್ಯಂಟಿಬಯಾಟಿಕ್ ಬಂದದ್ದು ಆ ಲೋಟದಿಂದಲೇ ಅನ್ನಬೇಕು. ಮಕ್ಕಳೇ, ಅವರು ಡಾಕ್ಟರು, ಅದೂ ಅಪಾಯದ ಕೆಲಸ. ನೀವು ಮಾತ್ರ ಏನನ್ನೂ ಹಾಗೆ ಕುಡಿದು ನೋಡಬೇಡಿ.

ಈಗ ನನ್ನ ಕಳ್ಳತನಕ್ಕೆ ಬರುತ್ತೇನೆ.

ಐದನೇ ವಾರ. ಹೊಟ್ಟೆ ಸುಧಾರಿಸಿತ್ತು, ನಡೆದಾಡುವಷ್ಟು ಶಕ್ತಿ ಬಂದಿತ್ತು. ರಾಣೆಬೆನ್ನೂರಿನಲ್ಲಿ ಹಳೆಯ ಸಹೋದ್ಯೋಗಿಯ ಮೊಮ್ಮಗುವಿನ ನಾಮಕರಣ. ನಾನೊಬ್ಬನೇ ಬಸ್ಸಿನಲ್ಲಿ ಹೋದೆ. ಅಲ್ಲಿ ಶಿಸ್ತಾಗಿ ಅನ್ನ ಮೊಸರು ಊಟ ಮಾಡಿದೆ, ಹೋಳಿಗೆಯ ಕಡೆ ಕೂಡ ನೋಡಲಿಲ್ಲ. ಸಂಜೆ ಬಸ್ಸಿಗೆ ಕಾಯುವಾಗ ರಸ್ತೆ ಬದಿಯ ಗಾಡಿಯಲ್ಲಿ ಮಿರ್ಚಿ ಕರಿಯುತ್ತಿದ್ದರು. ಕಡ್ಲಿಹಿಟ್ಟಿನ ಆ ವಾಸನೆ, ಜೊತೆಗೆ ಒಗ್ಗರಣೆ ಮಂಡಕ್ಕಿ. ಈ ಊರಲ್ಲಿ ಕೆಲಸ ಮಾಡುವಾಗ ಲೆಕ್ಕ ಸರಿಹೊಂದಿದ ಸಂಜೆಗಳಲ್ಲಿ ನಾವೆಲ್ಲ ನಿಂತು ತಿನ್ನುತ್ತಿದ್ದದ್ದು ಇದನ್ನೇ. ಒಂದು ತಿಂದೆ. ಇನ್ನೊಂದೂ ತಿಂದೆ. ಕರವಸ್ತ್ರಕ್ಕೆ ಕೈ ಒರೆಸಿಕೊಂಡು ಬಸ್ಸು ಹತ್ತಿದೆ.

ರಾತ್ರಿ ಹನ್ನೆರಡಕ್ಕೆ ಎದೆಯ ಕೆಳಗೆ ಉರಿ ಶುರುವಾಯಿತು. ಮರುದಿನ ಖಾತೆ ಬರೆಯಬೇಕಲ್ಲ. ಉರಿ ಆದದ್ದು ಹೆಂಡತಿಗೆ ಗೊತ್ತಿತ್ತು, ಮುಚ್ಚುವ ಹಾಗಿರಲಿಲ್ಲ. ಹಾಗಾಗಿ ಬರೆದೆ: "ಸಂಜೆ 6, ಬಾಳೆಹಣ್ಣು ಒಂದು. ರಾತ್ರಿ ಉರಿ."

ಜೀವನದಲ್ಲಿ ಎಂದೂ ಸುಳ್ಳು ಎಂಟ್ರಿ ಹಾಕಿದವನಲ್ಲ. ಹಾಕಿದ್ದು ಇದೊಂದೇ. ಅದರ ಪರಿಣಾಮ ನೋಡಿ. ಆಡಿಟರ್ ಅದನ್ನು ಓದಿ, ಕೊನೆಯ ಪುಟದ "ಅಜ್ಜನಿಗೆ ಬೇಡ" ಪಟ್ಟಿಯಲ್ಲಿ ಬಾಳೆಹಣ್ಣು ಸೇರಿಸಿದಳು. ಹೆಂಡತಿ ಬಾಳೆಹಣ್ಣು ತರುವುದನ್ನೇ ನಿಲ್ಲಿಸಿದಳು. ಹನ್ನೊಂದು ಗಂಟೆಗೆ ಅದೊಂದೇ ನನಗೆ ರುಚಿಯೆನಿಸುತ್ತಿದ್ದದ್ದು, ಅದೂ ಹೋಯಿತು. ನಾಲ್ಕು ದಿನ ಹಸಿದ ಹೊಟ್ಟೆಯಲ್ಲಿ ಕುಳಿತೆ, ಬಾಯಿ ಬಿಡಲಾಗಲಿಲ್ಲ. ತಪ್ಪು ಮಾಡದ ಬಾಳೆಹಣ್ಣು ಶಿಕ್ಷೆ ಅನುಭವಿಸುತ್ತಿತ್ತು. ನಾನು ಮೆಣಸಿನಕಾಯಿಗೆ ಮಾಡಿದ್ದೂ ಅದನ್ನೇ ಅಲ್ಲವೇ ಅಂತ ಆಗ ಹೊಳೆಯಿತು, ಗುಳಿಗೆಯ ತಪ್ಪನ್ನು ಖಾರದ ಲೆಕ್ಕಕ್ಕೆ ಬರೆದಿದ್ದೆ.

ಐದನೇ ದಿನ ಮೊಮ್ಮಗಳು ನನ್ನ ಕರವಸ್ತ್ರ ಹಿಡಿದು ಬಂದಳು. ಒಗೆದರೂ ಹಳದಿ ಜಿಡ್ಡಿನ ಕಲೆ ಹೋಗಿರಲಿಲ್ಲ.

"ಅಜ್ಜಾ, ಬಾಳಿಹಣ್ಣಿಗೆ ಎಣ್ಣಿ ಇರತೈತೇನು?"

ಒಪ್ಪಿಕೊಂಡೆ. ಆಕೆ ರಬ್ಬರ್ ತಂದು ಅಳಿಸಲು ಹೊರಟಳು. "ಏ ತಂಗೀ, ಅಳಿಸಬಾರದು" ಅಂತ ತಡೆದೆ. ಬ್ಯಾಂಕಿನಲ್ಲಿ ತಪ್ಪು ಎಂಟ್ರಿಯನ್ನು ಕೆರೆದು ಅಳಿಸುವಂತಿಲ್ಲ. ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಸಹಿ ಮಾಡಬೇಕು. ಹಾಗೇ ಮಾಡಿದೆ: "ಸಂಜೆ 6, ಮಿರ್ಚಿ ಎರಡು." ಕೆಳಗೆ ನನ್ನ ಸಹಿ, ಅದರ ಕೆಳಗೆ ಆಡಿಟರ್ ಸಹಿ. ಬಾಳೆಹಣ್ಣು ಬಿಡುಗಡೆಯಾಯಿತು. ಹೆಂಡತಿ ಎರಡು ದಿನ ಮಾತು ಬಿಟ್ಟಳು. ಗಂಜಿ ಕುಡಿಯುವುದಕ್ಕಿಂತ ಅದೇ ಕಷ್ಟವಾಗಿತ್ತು.

ಉಳಿದ ದಿನಗಳನ್ನು ಹಗುರ ಮಾಡಿದ್ದು ನೆರೆಯ ನಿವೃತ್ತ ಕನ್ನಡ ಮೇಷ್ಟ್ರು ಹೇಳಿದ ಒಂದು ವಿಷಯ. ಮೂರನೆಯ ಮಂಗರಸ ಎಂಬ ಕವಿ 16ನೇ ಶತಮಾನದ ಆರಂಭದಲ್ಲಿ 'ಸೂಪಶಾಸ್ತ್ರ' ಅಂತ ಅಡುಗೆಯ ಮೇಲೇ ಕಾವ್ಯ ಬರೆದ. ಬಗೆಬಗೆಯ ಪಾಕಗಳು ಅದರಲ್ಲಿವೆ. ಆಗ ನಮ್ಮ ಅಡುಗೆಮನೆಗಳಿಗೆ ಮೆಣಸಿನಕಾಯಿ ಇನ್ನೂ ಬಂದಿರಲಿಲ್ಲ. ಅದು ಅಮೆರಿಕ ಖಂಡದ ಬೆಳೆ, ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕಡೆಗೆ ಬಂದದ್ದು. ಅಲ್ಲಿಯವರೆಗೆ ಖಾರಕ್ಕೆ ಕಾಳುಮೆಣಸು, ಶುಂಠಿ. ಆ ಹೊಸ ಕಾಯಿಗೆ ನಮ್ಮವರು ಇಟ್ಟ ಹೆಸರಲ್ಲೇ ಹಳೆಯ ಮೆಣಸು ಕುಳಿತಿದೆ: ಮೆಣಸಿನ-ಕಾಯಿ. ಬ್ಯಾಡಗಿಯವನಾಗಿ ಎಪ್ಪತ್ತು ವರ್ಷ ಆ ಪದ ಬಳಸಿದರೂ ಬಿಡಿಸಿ ನೋಡಿರಲಿಲ್ಲ. ನನ್ನ ಜೀರಿಗೆ ಉಪ್ಪಿನ ಸೋರೇಕಾಯಿಯಂಥ ಅಡುಗೆ ಉಂಡೇ ನಮ್ಮ ಹಿರಿಯರು ಬದುಕಿದ್ದರಲ್ಲ ಅಂದುಕೊಂಡೆ.

ನಮ್ಮೂರ ಕಾಯಿಯ ಪರ ಒಂದು ಮಾತು ಹೇಳದಿದ್ದರೆ ತಪ್ಪಾದೀತು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಬಂತು. ಗಿಡ್ಡಗೆ ಉಬ್ಬಿದ್ದು ಡಬ್ಬಿ, ಸುಕ್ಕುಗಟ್ಟಿ ಉದ್ದಕ್ಕಿರುವುದು ಕಡ್ಡಿ. ಅದರ ಹೆಸರಿರುವುದು ಉರಿಗಲ್ಲ, ಕೆಂಪು ಬಣ್ಣಕ್ಕೆ. ಆ ಬಣ್ಣ ತೆಗೆದು ತಿಂಡಿಗಳಿಗೂ ತುಟಿಗೆ ಹಚ್ಚುವ ಲಿಪ್‌ಸ್ಟಿಕ್ಕಿಗೂ ಬಳಸುತ್ತಾರೆ. ಉರಿ ಎನ್ನುವುದು ರುಚಿಯೇ ಅಲ್ಲವಂತೆ. ಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಎಂಬ ವಸ್ತು, ನಮ್ಮ ನರಗಳಲ್ಲಿ ಬಿಸಿಯನ್ನು ಗುರುತಿಸುವ ಬಾಗಿಲನ್ನೇ ತಟ್ಟುತ್ತದೆ. ಸುಟ್ಟಿತು ಅಂತ ಮಿದುಳು ಮೋಸ ಹೋಗುತ್ತದೆ. ಆ ಬಾಗಿಲನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಹಕ್ಕಿಗಳ ಬಾಗಿಲು ಬೇರೆ ಥರದ್ದು, ಅವಕ್ಕೆ ಉರಿ ತಿಳಿಯುವುದೇ ಇಲ್ಲ. ಗಿಳಿ ಹಸಿಮೆಣಸಿನಕಾಯಿಯನ್ನು ಪೇರಲಹಣ್ಣಿನಂತೆ ತಿನ್ನುವುದು ಅದಕ್ಕೇ. ನನ್ನ ಕೌಂಟರಿಗೆ ಗಿಳಿಯ ಬಾಗಿಲು ಇರಲಿಲ್ಲ. ಸುಗ್ಗಿಯಲ್ಲಿ ದಲಾಲಿ ಅಂಗಡಿಯವರು ತಂದ ನೋಟಿನ ಕಟ್ಟು ಬಿಚ್ಚಿದರೆ ಸಾಲಾಗಿ ಸೀನು. ನೋಟು ಎಣಿಸಲು ಇಟ್ಟ ಸ್ಪಂಜಿನ ನೀರು ಸಂಜೆಗೆ ಕೆಂಪಗೆ. ಮರೆತು ಕಣ್ಣುಜ್ಜಿಕೊಂಡರೆ ಮುಗಿಯಿತು, ಅಳುತ್ತಲೇ ಕ್ಯಾಷ್ ಮುಚ್ಚಬೇಕು.

ಮಾರ್ಚಿಯಲ್ಲಿ ಎಂಟು ವಾರ ತುಂಬಿತು. ಹುಬ್ಬಳ್ಳಿಯಲ್ಲಿ ಮತ್ತೆ ಕೊಳವೆ ಇಳಿಸಿದರು. ಹುಣ್ಣಿದ್ದ ಜಾಗದಲ್ಲಿ ತೆಳ್ಳನೆಯ ಬಿಳಿ ಗುರುತು ಮಾತ್ರ. ಬ್ಯಾಕ್ಟೀರಿಯಾ ಹೋಗಿದೆಯೇ ಎಂದು ಬೇರೆ ಪರೀಕ್ಷೆ ಮಾಡಿಸಿದರು, ಅದೂ ಹೋಗಿತ್ತು. ಡಾಕ್ಟರು ನನ್ನ ಖಾತೆ ತಿರುವಿ ಹಾಕಿ, ಗೆರೆ ಎಳೆದ ಆ ಸಾಲಿನ ಹತ್ತಿರ ನಿಂತು, ಎರಡು ಸಹಿ ನೋಡಿ ಏನೂ ಕೇಳದೆ ಮುಂದಿನ ಪುಟಕ್ಕೆ ಹೋದರು. ಖಾರ ನಿಧಾನಕ್ಕೆ ಶುರು ಮಾಡಬಹುದು, ಆ ಗುಳಿಗೆ ಮಾತ್ರ ಇನ್ನೆಂದೂ ನೀವಾಗಿ ತಗೊಳ್ಳಬೇಡಿ ಅಂದರು. ಮೊಣಕಾಲು ನೋಯುವುದು ಇದ್ದೇ ಇದೆ. ಬಿಸಿನೀರಿನ ಚೀಲ, ಕುಳಿತಲ್ಲೇ ಮಾಡುವ ವ್ಯಾಯಾಮ, ತೀರ ಆಗದಿದ್ದರೆ ಅವರೇ ಬರೆದುಕೊಟ್ಟ ಬೇರೆ ಗುಳಿಗೆ. ಮೊನ್ನೆ ವಾಕಿಂಗಿನಲ್ಲಿ ಗೆಳೆಯರೊಬ್ಬರು ಜೇಬಿನಿಂದ ಪಟ್ಟಿ ತೆಗೆದು, "ಒಂದ ಹಾಕ್ಕೋರಿ, ಐದು ನಿಮಿಷದಾಗ ನೋವು ಹೋಗತೈತಿ" ಅಂದರು. ಅವರನ್ನು ಬೆಂಚಿನ ಮೇಲೆ ಕೂರಿಸಿಕೊಂಡು ಹನ್ನೊಂದು ಪಟ್ಟಿಯ ಕತೆ ಪೂರ್ತಿ ಹೇಳಿದೆ. ಅವರು ಪಟ್ಟಿ ಜೇಬಿಗೆ ಹಾಕಿಕೊಂಡರು, ಮನೆಗೆ ಹೋಗಿ ಏನು ಮಾಡಿದರೋ.

ಹುಬ್ಬಳ್ಳಿಯಿಂದ ಬಂದ ರಾತ್ರಿ ಹೆಂಡತಿ ನನ್ನ ತಟ್ಟೆಗೆ ಮೆತ್ತಗಿನ ಜೋಳದ ರೊಟ್ಟಿ ಹಾಕಿದಳು. ಈ ಸಲ ಮನೆಯಲ್ಲಿ ಖಾರ ಕುಟ್ಟಿಸಿರಲಿಲ್ಲ. ನನ್ನ ಮುಂದೆ ಮೆಣಸಿನಕಾಯಿ ಒಣಗಿಸುವುದು ಬೇಡ ಅಂತ ಆಕೆ ಮುಂದಕ್ಕೆ ಹಾಕಿದ್ದಳಂತೆ, ಅವತ್ತೇ ನನಗೆ ಗೊತ್ತಾದದ್ದು. ಹೋದ ವರ್ಷದ ಡಬ್ಬಿಯ ತಳ ಕೆರೆದು ಚಿಟಿಕೆ ಕೆಂಪು ಪುಡಿ ತಟ್ಟೆಯ ಅಂಚಿಗೆ ಇಟ್ಟು, ಮೇಲೆ ಒಂದು ಚಮಚ ತುಪ್ಪ ಬಿಟ್ಟಳು. ರೊಟ್ಟಿಯ ತುದಿಗೆ ಹಚ್ಚಿಕೊಂಡು ಬಾಯಿಗಿಟ್ಟೆ. ಕಣ್ಣಲ್ಲಿ ನೀರು ಬಂತು. ಎರಡು ತಿಂಗಳು ಬಿಟ್ಟ ನಾಲಿಗೆಗೆ ಅಷ್ಟೇ ಜಾಸ್ತಿಯಾಗಿತ್ತು.

ಆಡಿಟರ್ ಎದುರಿಗೇ ಕುಳಿತು ಖಾತೆ ತೆರೆದಿದ್ದಳು. "ರಾತ್ರಿ 8, ರೊಟ್ಟಿ ಒಂದೂವರೆ, ಖಾರ ಒಂದು ಚಿಟಿಕಿ" ಅಂತ ಬರೆದು, ಹೊಟ್ಟೆಯ ಉತ್ತರದ ಕಾಲಂ ಖಾಲಿ ಬಿಟ್ಟು, "ಅದನ್ನ ನಾಳಿ ಮುಂಜಾನೆ ಕೇಳತೇನಿ" ಅಂದವಳೇ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ತನ್ನ ರೊಟ್ಟಿಗೆ ಕೈ ಹಾಕಿದಳು.